ಗೋಳಗುಮ್ಮಟದ ಊರಲ್ಲಿ ಸ್ಕ್ರೀಮ್ ಕಲಿತದ್ದು

ವಿಜಯಪುರದಲ್ಲಿ ಬೆಳೆದವರಿಗೆ ಕೂಗುವುದು ಹೊಸದಲ್ಲ. ಗೋಳಗುಮ್ಮಟ ಹತ್ತಿದವರೆಲ್ಲ ಒಮ್ಮೆ ಕೂಗಿ, ಪ್ರತಿಧ್ವನಿ ಎಣಿಸಿಯೇ ಇಳಿಯುತ್ತಾರೆ. ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದಲ್ಲಿ ಒರಟು ದನಿಯಲ್ಲಿ ಹಾಡುವ ಸ್ಕ್ರೀಮ್ ಕೂಡ ಅಂಥದೇ ಎಂದುಕೊಂಡಿದ್ದೆ. 'ಡೆತ್' ಎಂಬ ಅಮೆರಿಕದ ಮೆಟಲ್ ಬ್ಯಾಂಡಿನ ಗಾಯಕ ಚಕ್ ಶುಲ್ಡಿನರ್ ದನಿ ಕೇಳಿ ಹುಚ್ಚು ಹಿಡಿದು, ಹೊಲದಲ್ಲಿ ನಿಂತು ಮೂರು ಸಂಜೆ ಕೂಗಿದೆ. ನಾಲ್ಕನೆಯ ಬೆಳಿಗ್ಗೆ ಅವ್ವನಿಗೆ ಚಹಾ ಕೇಳಲು ದನಿಯೇ ಏಳಲಿಲ್ಲ. ಧ್ವನಿತಂತುಗಳು ಬಾತಿವೆ, ವಾರವಿಡೀ ಮಾತು ಬೇಡ, ಪಿಸುಮಾತೂ ಬೇಡ ಎಂದರು ಡಾಕ್ಟರು.

ಆ ವಾರ ಕಾಕಾ ಮನೆಗೆ ಬಂದಿದ್ದರು. ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಕಟ್ಟುತ್ತಿದ್ದವರು. ನನ್ನ ಕೊರಳಿಗೆ ಬೆರಳು ಹಚ್ಚಿ, "ಇದನ್ನ ಯಾಕ ಹಿಂಡ್ತಿ ತಮ್ಮಾ? ಉಸುರು ಹೊಟ್ಟ್ಯಾಗ ಹಿಡಿ. ಬೆಳತನಕ ಆಡಾವ ಗಂಟಲದ ಮ್ಯಾಲ ಭಾರ ಹಾಕಬಾರದು" ಅಂದರು.

ದನಿ ಮರಳಿದ ಮೇಲೆ ಜೋಳದ ಚೀಲ ಎತ್ತುವಾಗ ತಾನಾಗಿ ಬರುವ ಮುಲುಕನ್ನು ಗಮನಿಸಿದೆ. ಮಾತಾಡುವ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಭಾರ ಎತ್ತುವಾಗ ಅವು ಹತ್ತಿರ ಬರುತ್ತವೆ. ರಷ್ಯಾದ ತುವಾ ಪ್ರದೇಶದ ಗಂಟಲುಗಾಯಕರ ಆಳದ ದನಿಯಲ್ಲೂ ಅದುರುವುದು ಇವೇ. ಮುಲುಕನ್ನು ಹಿಡಿದು, ಕನ್ನಡಿಗೆ ಹಬೆ ಊದಿದಷ್ಟೇ ಮೆತ್ತಗೆ ಉಸಿರು ಬಿಟ್ಟೆ. ಗರಗರ ಅಂತ ದಪ್ಪ ದನಿ ಹೊರಟಿತು. ಪಕ್ಕದ ಕೋಣೆಯಲ್ಲಿದ್ದ ಅವ್ವನಿಗೂ ಸರಿಯಾಗಿ ಕೇಳಿಸಲಿಲ್ಲ! ಅದನ್ನು ದೊಡ್ಡದು ಮಾಡಲು ಮೈಕ್ ಇದೆ. ಗಂಟಲಲ್ಲಿ ತುರಿಕೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು; ನೋವಾಗುತ್ತಿದೆ ಎಂದರೆ ತಪ್ಪು ಮಾಡುತ್ತಿದ್ದೇವೆ ಎಂದೇ ಅರ್ಥ. ರಕ್ತ ಬರುವಂತೆ ಹಾಡಿದರೇ ನಿಜವಾದ ಸ್ಕ್ರೀಮ್ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮುಂದೆ ಒಂದು ದಿನ ನಮ್ಮ ಬ್ಯಾಂಡಿನ ಪ್ರಾಕ್ಟೀಸಿಗೆ ಕಾಕಾ ಬಂದು ಕುಳಿತರು. ಮುಗಿದ ಮೇಲೆ, "ದನಿ ಗಟ್ಟಿ ಐತಿ. ಮಾತು ಏನಂದಿ, ತಿಳೀಲಿಲ್ಲ" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಚಕ್ ದನಿ ನನ್ನನ್ನು ಹಿಡಿದದ್ದೇ ಅಷ್ಟು ಒರಟಿನಲ್ಲೂ ಅವನ ಮಾತು ತಿಳಿಯುತ್ತಿದ್ದುದರಿಂದ. ನಾನು ಮೈಕನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ವ್ಯಂಜನಗಳನ್ನೆಲ್ಲ ನುಂಗಿಬಿಟ್ಟಿದ್ದೆ.

ಆಮೇಲೆ ಕನ್ನಡದಲ್ಲೇ ಬರೆಯತೊಡಗಿದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಉಸಿರು ಚಾಚಲು ಜಾಗ ಸಿಗುತ್ತದೆ. ಆದರೆ 'ಬೆಂಕಿ'ಯ ಕೊನೆಯ 'ಇ' ಎಳೆದರೆ ನನಗೆ ಗಂಟಲು ಬಿಗಿಯುತ್ತದೆ. 'ಬರ' ಅಂದರೆ ಬಾಯಿ ತಾನೇ ತೆರೆಯುತ್ತದೆ. ಮೊದಲ ಹಾಡು ಆ ಪದದಿಂದಲೇ ಶುರುವಾಯಿತು. 'ಬ'ಕ್ಕೆ ತುಟಿ ಪೂರ್ತಿ ಕೂಡಿಸಿ, 'ರ'ಕ್ಕೆ ನಾಲಿಗೆ ಹೊರಳಿಸಿ, ನಾಲ್ಕು ಎಣಿಕೆ 'ಅ' ಹಿಡಿಯುತ್ತೇನೆ.