ಸಾವಿರಾರು ಫೋಟೋಗಳಲ್ಲಿ ಬೇಕಾದ್ದು ಸಿಗಬೇಕೇ? ವಿವರವನ್ನು ಫೈಲ್‌ ಒಳಗೇ ಬರೆದಿಡಿ

ಹತ್ತು ಹದಿನೈದು ವರ್ಷಗಳ ಫೋಟೋಗಳು ಒಂದೇ ಹಾರ್ಡ್‌ ಡಿಸ್ಕ್‌ನಲ್ಲಿ ತುಂಬಿಕೊಂಡಿರುತ್ತವೆ. ‘ಅಜ್ಜ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ ಫೋಟೋ ಇತ್ತಲ್ವಾ, ಸ್ವಲ್ಪ ಕಳಿಸು’ ಎಂದು ಯಾರಾದರೂ ಕೇಳಿದರೆ ಸಂಜೆಯೆಲ್ಲ ತಡಕಾಡಿದರೂ ಸಿಗುವುದಿಲ್ಲ. ಅದು ಎಲ್ಲೋ ಇದೆ ಅಂತ ನಮಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿರುವುದು ಮಾತ್ರ ‘ಐಎಂಜಿ 4471’ ಅನ್ನುವ ಹೆಸರು.

ಈಗಿನ ಆ್ಯಪ್‌ಗಳು ನಾಯಿ, ಸಮುದ್ರ, ಸೈಕಲ್ ಎಂದು ಹುಡುಕಿದರೆ ತಾವೇ ಗುರುತಿಸಿ ತೋರಿಸುತ್ತವೆ. ಒಳ್ಳೆಯದೇ. ಆದರೆ ಆ ಸೈಕಲ್ ಯಾರದು, ಅವತ್ತು ಎಲ್ಲರೂ ಯಾಕೆ ಸೇರಿದ್ದರು, ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುತ್ತಿರುವವರು ಯಾರು? ಇದು ಫೋಟೋ ತೆಗೆದವರಿಗೆ, ಅಲ್ಲಿದ್ದವರಿಗೆ ಮಾತ್ರ ಗೊತ್ತು. ಅವರು ಬರೆದಿಡದಿದ್ದರೆ ಆ ಮಾಹಿತಿ ಎಲ್ಲಿಯೂ ಉಳಿಯುವುದಿಲ್ಲ. ಹಾಗಾಗಿ ಬರೆಯುವ ಕೆಲಸ ನಮ್ಮದೇ. ಎಲ್ಲಿ ಬರೆಯಬೇಕು ಎನ್ನುವುದನ್ನು ಮೊದಲು ನೋಡೋಣ.

ಫೋಟೋ ಫೈಲ್‌ನಲ್ಲಿ ಏನೇನು ಅಡಗಿದೆ?

ಫೋಟೋ ಉಳಿಸುವ ಸಾಮಾನ್ಯ ರೂಪವಾದ ಜೆಪೆಗ್ ಫೈಲ್‌ನಲ್ಲಿ ಚಿತ್ರದ ಜೊತೆಗೆ ಮಾಹಿತಿ ಬರೆಯಲು ಬೇರೆ ಜಾಗ ಇರುತ್ತದೆ. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಅದರಲ್ಲಿ ಮುಖ್ಯವಾದವು ಮೂರು. ಕ್ಯಾಮೆರಾ ತಾನೇ ಬರೆಯುವ ಮಾಹಿತಿ ಎಕ್ಸಿಫ್: ತೆಗೆದ ದಿನ, ಸಮಯ, ಕ್ಯಾಮೆರಾ ಮಾದರಿ, ಲೆನ್ಸ್, ಫೋನ್ ಆದರೆ ಜಿಪಿಎಸ್ ಜಾಗ. ಇದು 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಮಾನದಂಡ. ಎರಡನೆಯದು ಐಪಿಟಿಸಿ. 1965ರಲ್ಲಿ ಸುದ್ದಿ ಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟದ ಹೆಸರು ಅದು. ಪತ್ರಿಕೆಗೆ ಬರುವ ಫೋಟೋದಲ್ಲಿ ಯಾರಿದ್ದಾರೆ, ತೆಗೆದವರು ಯಾರು ಎನ್ನುವುದು ಚಿತ್ರದ ಜೊತೆಗೇ ಬರಬೇಕಲ್ಲ? ಅದಕ್ಕಾಗಿ ಹುಟ್ಟಿದ ಶೀರ್ಷಿಕೆ, ವಿವರಣೆ, ಕೀವರ್ಡ್ ಖಾನೆಗಳನ್ನೇ ಇವತ್ತು ನಾವು ಮನೆಯ ಫೋಟೋಗೂ ಬಳಸುತ್ತೇವೆ. ಮೂರನೆಯದು ಎಕ್ಸ್‌ಎಂಪಿ. ಅಡೋಬಿ ಕಂಪನಿ 2001ರಲ್ಲಿ ತಂದಿದ್ದು, 2012ರಲ್ಲಿ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡವಾಯಿತು. ಇದು ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗವಿರುವ ಯುನಿಕೋಡ್ ಬಳಸುವುದರಿಂದ ಕನ್ನಡದಲ್ಲೇ ಟ್ಯಾಗ್, ಅಂದರೆ ಹುಡುಕಲು ನೆರವಾಗುವ ಕೀವರ್ಡ್, ಬರೆಯಬಹುದು.

ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಒಂದು ಸಂಗತಿ ನೆನಪಿಟ್ಟುಕೊಂಡರೆ ಸಾಕು: ಈ ಖಾನೆಗಳಲ್ಲಿ ಬರೆದಿದ್ದು ಫೈಲ್ ಹೋದಲ್ಲೆಲ್ಲ ಹೋಗುತ್ತದೆ. ಸಾಫ್ಟ್‌ವೇರ್‌ ತನ್ನದೇ ಡೇಟಾಬೇಸ್‌ನಲ್ಲಿ ಇಟ್ಟುಕೊಂಡಿದ್ದು ಆ ಸಾಫ್ಟ್‌ವೇರ್ ಇರುವವರೆಗೆ ಮಾತ್ರ. 2016ರಲ್ಲಿ ಗೂಗಲ್ ಫೋಟೋ ಜೋಡಿಸಿಡುವ ತನ್ನ ಸಾಫ್ಟ್‌ವೇರ್ ಪಿಕಾಸಾವನ್ನು ನಿಲ್ಲಿಸಿತು. ಅದರಲ್ಲಿ ಜೆಪೆಗ್‌ಗಳಿಗೆ ಹಾಕಿದ್ದ ಟ್ಯಾಗ್‌ಗಳು ಫೈಲ್‌ ಒಳಗೇ ಇದ್ದುದರಿಂದ ಇಂದಿಗೂ ಬೇರೆ ಸಾಫ್ಟ್‌ವೇರ್‌ನಲ್ಲಿ ಕಾಣುತ್ತವೆ. ಆಲ್ಬಂಗಳ ಪಟ್ಟಿಯನ್ನು ಪಿಕಾಸಾ ತನ್ನ ಬಳಿಯೇ ಇಟ್ಟುಕೊಂಡಿತ್ತು. ಗೂಗಲ್ ಫೋಟೋಸ್‌ನಲ್ಲಿ ನೀವು ಬರೆಯುವ ವಿವರಣೆಯೂ ಫೋಟೋ ಫೈಲ್‌ಗೆ ಸೇರುವುದಿಲ್ಲ. ಟೇಕ್‌ಔಟ್ ಎಂಬ ಗೂಗಲ್‌ನ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಂಡರೆ ಅದು ಪಕ್ಕದಲ್ಲಿ ಬೇರೊಂದು ಪಠ್ಯ ಫೈಲ್ (ಜೇಸನ್) ಆಗಿ ಬರುತ್ತದೆ.

ಮೊದಲು ಒಂದೇ ಫೋಟೋ, ಒಂದು ಪರೀಕ್ಷೆ

ಕೆಲಸ ಶುರು ಮಾಡುವ ಮುನ್ನ ಪೂರ್ತಿ ಸಂಗ್ರಹವನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿಡಿ. ಇದನ್ನು ಬಿಡಲೇಬೇಡಿ.

ವಿಂಡೋಸ್ ಇದ್ದರೆ ಹೊಸದೇನೂ ಬೇಕಿಲ್ಲ. ಜೆಪೆಗ್ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ತೆರೆಯಿರಿ. ಟೈಟಲ್, ಟ್ಯಾಗ್ಸ್, ಕಾಮೆಂಟ್ಸ್ ಎಂಬ ಸಾಲುಗಳು ಕಾಣುತ್ತವೆ. ಟ್ಯಾಗ್ಸ್ ಎದುರು ಕ್ಲಿಕ್ ಮಾಡಿ ಬರೆಯಿರಿ. ಎರಡು ಟ್ಯಾಗ್ ನಡುವೆ ಸೆಮಿಕೋಲನ್ ಇರಲಿ. ಹತ್ತಾರು ಫೋಟೋಗಳನ್ನು ಒಟ್ಟಿಗೆ ಆರಿಸಿಕೊಂಡೂ ಹೀಗೆ ಬರೆಯಬಹುದು. ಪಿಎನ್‌ಜಿ ಫೈಲ್‌ಗಳಿಗೆ ಮಾತ್ರ ಈ ದಾರಿ ನಡೆಯುವುದಿಲ್ಲ.

ಸಂಗ್ರಹ ದೊಡ್ಡದಿದ್ದರೆ ಡಿಜಿಕ್ಯಾಮ್ ಹಾಕಿಕೊಳ್ಳಿ ಎನ್ನುತ್ತೇನೆ. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹಾಕಿದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಮೆಟಾಡೇಟಾ ಪುಟ ತೆರೆದು, ಟ್ಯಾಗ್ ಮತ್ತು ಕ್ಯಾಪ್ಷನ್‌ಗಳನ್ನು ಫೈಲ್‌ಗೆ ಬರೆಯುವ ಆಯ್ಕೆಗಳಿಗೆ ಟಿಕ್ ಇದೆಯೇ ನೋಡಿ. ಲೈಟ್‌ರೂಮ್ ಕ್ಲಾಸಿಕ್ ಎಂಬ ಅಡೋಬಿ ಸಾಫ್ಟ್‌ವೇರ್ ಬಳಸುವವರು ಫೋಟೋಗಳನ್ನು ಆರಿಸಿ ಕಂಟ್ರೋಲ್ ಎಸ್ ಒತ್ತಬೇಕು. ಅಲ್ಲಿಯವರೆಗೆ ಬರೆದಿದ್ದು ಅದರದೇ ಡೇಟಾಬೇಸ್ ಆದ ಕ್ಯಾಟಲಾಗ್‌ನಲ್ಲೇ ಕುಳಿತಿರುತ್ತದೆ. ಮ್ಯಾಕ್‌ನ ಫೋಟೋಸ್ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಶೀರ್ಷಿಕೆ, ಕೀವರ್ಡ್ ಸೇರಿಸುವ ಆಯ್ಕೆಯನ್ನು ಟಿಕ್ ಮಾಡಬೇಕು.

ಈಗ ಪರೀಕ್ಷೆ. ಒಂದು ಫೋಟೋಗೆ ಎರಡು ಟ್ಯಾಗ್, ಒಂದು ಸಾಲು ವಿವರಣೆ ಹಾಕಿ. ಆ ಫೈಲ್‌ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ, ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಟ್ಯಾಗ್ ಕಂಡರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಕಾಣದಿದ್ದರೆ ಸೆಟ್ಟಿಂಗ್ ಸರಿ ಮಾಡುವ ತನಕ ಮುಂದೆ ಹೋಗಬೇಡಿ. ಸಾವಿರ ಫೋಟೋ ಟ್ಯಾಗ್ ಮಾಡಿದ ಮೇಲೆ ಇದು ಗೊತ್ತಾದರೆ ಅಷ್ಟೂ ದುಡಿಮೆ ವ್ಯರ್ಥ. ಅಂದಹಾಗೆ, ಟ್ಯಾಗ್ ಬರೆಯುವುದರಿಂದ ಚಿತ್ರದ ಗುಣಮಟ್ಟ ಕುಗ್ಗುತ್ತದೆ ಎಂಬ ಭಯ ಬೇಡ. ಒಳ್ಳೆಯ ಸಾಫ್ಟ್‌ವೇರ್‌ಗಳು ಮಾಹಿತಿಯ ಭಾಗವನ್ನು ಮಾತ್ರ ಬದಲಿಸುತ್ತವೆ, ಚಿತ್ರವನ್ನು ಮುಟ್ಟುವುದಿಲ್ಲ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ಗಳಿಗೆ ಸಾಮಾನ್ಯವಾಗಿ ಪಕ್ಕದಲ್ಲೇ ಅದೇ ಹೆಸರಿನ ಎಕ್ಸ್‌ಎಂಪಿ ಫೈಲ್ ಹುಟ್ಟುತ್ತದೆ. ಎರಡನ್ನೂ ಯಾವಾಗಲೂ ಜೊತೆಗೇ ಸಾಗಿಸಿ.

ದಿನಾಂಕ ಸರಿ ಇದೆಯೇ?

ಟ್ಯಾಗ್‌ಗೂ ಮೊದಲು ಗಮನಿಸಬೇಕಾದ್ದು ಇದು. ಬ್ಯಾಟರಿ ತೆಗೆದಿಟ್ಟ ಹಳೆಯ ಕ್ಯಾಮೆರಾಗಳ ಗಡಿಯಾರ ಎಲ್ಲೋ ಹೋಗಿರುತ್ತದೆ. ಒಂದೇ ಪ್ರವಾಸದಲ್ಲಿ ಎರಡು ಕ್ಯಾಮೆರಾ ಇದ್ದರಂತೂ ಬೆಳಗಿನ ಫೋಟೋ ರಾತ್ರಿಯದರ ನಂತರ ಬಂದು ಕೂರುತ್ತದೆ. ಇಡೀ ಗುಂಪಿನ ಸಮಯವನ್ನು ಒಟ್ಟಿಗೆ ಹಿಂದೆ ಮುಂದೆ ಸರಿಸುವ ಸೌಲಭ್ಯ ಡಿಜಿಕ್ಯಾಮ್‌ನಲ್ಲಿದೆ. ಫ್ರೇಮಿನಲ್ಲಿ ಗೋಡೆ ಗಡಿಯಾರವೋ ಕೈಗಡಿಯಾರವೋ ಕಂಡರೆ ಎಷ್ಟು ಸರಿಸಬೇಕು ಎಂದು ಲೆಕ್ಕ ಹಾಕುವುದು ಸುಲಭ.

ಸ್ಕ್ಯಾನ್ ಮಾಡಿದ ಹಳೆಯ ಫೋಟೋಗಳ ಸಮಸ್ಯೆ ಬೇರೆ. ಅವು ಸ್ಕ್ಯಾನ್ ಆದ ದಿನವನ್ನು ಹೊತ್ತುಕೊಂಡಿರುತ್ತವೆ. 1978ರ ಚಿತ್ರ ಹೋದ ವಾರದ್ದರ ಪಕ್ಕ ಕಾಣಿಸಿಕೊಳ್ಳುತ್ತದೆ. ವರ್ಷ ಮಾತ್ರ ಗೊತ್ತಿದ್ದರೆ ಆ ವರ್ಷದ ಜನವರಿ 1 ಎಂದು ಹಾಕಿ. ಜೊತೆಗೆ ‘ಅಂದಾಜು ದಿನಾಂಕ’ ಎಂಬ ಟ್ಯಾಗ್ ಕೊಡಿ. ಮುಂದೆ ನೋಡುವವರು ಹೊಸ ವರ್ಷದ ಫೋಟೋ ಅಂದುಕೊಳ್ಳಬಾರದಲ್ಲ.

ಯಾವ ಪದ ಹಾಕಬೇಕು?

ಎಲ್ಲ ಫೋಟೋಗೂ ಸೇರುವ ಟ್ಯಾಗ್‌ನಿಂದ ಶುರು ಮಾಡಿ, ಆಮೇಲೆ ಒಂದೊಂದರ ಹತ್ತಿರ ಹೋಗಿ. ಮದುವೆಯೊಂದರ ನಾನೂರು ಫೋಟೋ ಇವೆ ಅಂದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಆರಿಸಿ ಊರು, ಸಂದರ್ಭ ಎರಡನ್ನೂ ಹಾಕಿಬಿಡಿ. ಒಂದೇ ನಿಮಿಷದ ಕೆಲಸ, ಅರ್ಧ ದಾರಿ ಮುಗಿದಂತೆ. ಬಳಿಕ ಮಸುಕಾದವು, ಒಂದೇ ಥರದವು ಅಳಿಸಿ. ಉಳಿದವುಗಳಲ್ಲಿ ಜನರ ಹೆಸರು ಹಾಕಿ. ಮುಖ ಗುರುತಿಸುವ ಸೌಲಭ್ಯ ಇಲ್ಲಿ ತುಂಬ ನೆರವಾಗುತ್ತದೆ. ಆದರೆ ಅಕ್ಕತಂಗಿಯರ ಮುಖ, ಚಿಕ್ಕ ಮಕ್ಕಳ ಮುಖ ಅದಕ್ಕೆ ಅದಲುಬದಲಾಗುವುದುಂಟು. ಅದು ಹೇಳಿದ್ದನ್ನು ನೋಡಿಯೇ ಒಪ್ಪಿಕೊಳ್ಳಿ.

ಹೆಸರಿನ ವಿಷಯದಲ್ಲಿ ನನ್ನದೊಂದು ಹಟವಿದೆ. ‘ಅಮ್ಮ’, ‘ಚಿಕ್ಕಪ್ಪ’, ‘ಪುಟ್ಟಿ’ ಅಂತ ಟ್ಯಾಗ್ ಹಾಕಬೇಡಿ. ನಿಮಗೆ ಅಮ್ಮ ಆದವರು ನಿಮ್ಮ ಮಗಳಿಗೆ ಅಜ್ಜಿ. ಇಪ್ಪತ್ತು ವರ್ಷದ ನಂತರ ಈ ಸಂಗ್ರಹ ಅವಳ ಕೈಗೆ ಬಂದಾಗ ‘ಅಮ್ಮ’ ಎಂದರೆ ಯಾರು? ಪೂರ್ತಿ ಹೆಸರು ಟ್ಯಾಗ್‌ನಲ್ಲಿ ಇರಲಿ, ಸಂಬಂಧ ವಿವರಣೆಯಲ್ಲಿ ಇರಲಿ. ಮದುವೆಯಾದ ಮೇಲೆ ಹೆಸರು ಬದಲಾದವರಿದ್ದರೆ ಎರಡನ್ನೂ ಹಾಕಿ.

ಟ್ಯಾಗ್ ಪಟ್ಟಿ ಚಿಕ್ಕದಾಗಿರಲಿ. ಒಮ್ಮೆ ‘ಹುಟ್ಟುಹಬ್ಬ’, ಇನ್ನೊಮ್ಮೆ ‘ಜನ್ಮದಿನ’, ಮತ್ತೊಮ್ಮೆ ‘ಬರ್ತ್‌ಡೇ’ ಎಂದು ಬರೆದರೆ ಹುಡುಕುವಾಗ ಮೂರರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಒಂದು ಪದ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಡಿಜಿಕ್ಯಾಮ್‌ನಲ್ಲಿ ಟ್ಯಾಗ್‌ಗಳನ್ನು ಒಂದರೊಳಗೊಂದು ಜೋಡಿಸಬಹುದು. ಜನ, ಜಾಗ, ಸಂದರ್ಭ ಎಂಬ ಮೂರು ಮೇಲಿನ ಹೆಸರು ಮಾಡಿ, ಉಳಿದೆಲ್ಲ ಅದರ ಕೆಳಗೆ ಇಡಿ. ಆಕಾಶ, ಮರ, ನಗು, ಕೆಂಪು ಬಟ್ಟೆ ಇಂಥವೆಲ್ಲ ಬೇಡ. ಅವನ್ನು ಯಂತ್ರವೇ ಹುಡುಕಿಕೊಡುತ್ತದೆ.

ಎಲ್ಲ ಫೋಟೋಗೂ ವಿವರಣೆ ಬರೆಯುವುದು ಆಗದ ಮಾತು. ಆಯ್ದ ಕೆಲವಕ್ಕೆ ಬರೆಯಿರಿ, ಆದರೆ ಚೆನ್ನಾಗಿ ಬರೆಯಿರಿ. ಐಎಂಜಿ 4471ನ್ನೇ ತಗೊಳ್ಳಿ. ಎಕ್ಸಿಫ್ ಅದರ ಬಗ್ಗೆ ಹೇಳುವುದು ತಾರೀಖು, ಗಂಟೆ, ಲೆನ್ಸ್. ‘ಅಜ್ಜ, ಮೊಮ್ಮಗಳು’ ಎಂದು ಬರೆದರೆ ನೋಡಿದರೆ ತಿಳಿಯುವುದನ್ನೇ ಮತ್ತೆ ಹೇಳಿದಂತಾಯಿತು. ಹೀಗೆ ಬರೆದು ನೋಡಿ: ‘ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನ. ಅಜ್ಜ ಅವಳನ್ನು ಎತ್ತಿಕೊಂಡಿದ್ದು ಇದೇ ಮೊದಲು. ಹಿಂದೆ ಬಾಗಿಲ ಬಳಿ ನಿಂತು ನಗುತ್ತಿರುವವರು ಮಗುವಿನ ಸೋದರಮಾವ, ಎಡಗೈಗೆ ಬ್ಯಾಂಡೇಜ್ ಇದೆ. ಫೋಟೋ ತೆಗೆದಿದ್ದು ಮಗುವಿನ ಅಪ್ಪ.’ ಸಂಬಂಧ ಬಂದಲ್ಲೆಲ್ಲ ಹೆಸರೂ ಸೇರಿಸಿಕೊಳ್ಳಿ. ಫೋಟೋ ತೆಗೆದವರು ಚಿತ್ರದಲ್ಲಿ ಕಾಣುವುದೇ ಇಲ್ಲ, ಆದ್ದರಿಂದ ಅವರ ಹೆಸರನ್ನು ಮರೆಯದೆ ಬರೆಯಿರಿ.

ಹಳೆಯ ಕಪ್ಪುಬಿಳುಪು ಫೋಟೋ ಸ್ಕ್ಯಾನ್ ಮಾಡುವಾಗ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಅಲ್ಲಿರುವ ಕೈಬರಹವನ್ನು ವಿವರಣೆಗೆ ಹಾಗೇ ಇಳಿಸಿ. ಮನೆಯ ಹಿರಿಯರ ಪಕ್ಕ ಕೂತು, ದೊಡ್ಡ ಪರದೆಯಲ್ಲಿ ಒಂದೊಂದೇ ತೋರಿಸಿ, ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಟೈಪ್ ಆಮೇಲೆ ಮಾಡಬಹುದು. ಹೊಸ ಫೋಟೋಗಳನ್ನು ಮುಂದಿನ ತಿಂಗಳಿಗೆ ತಳ್ಳಿದರೂ ಪರವಾಗಿಲ್ಲ, ಈ ಕೆಲಸವನ್ನು ತಳ್ಳಬೇಡಿ. ಗುರುತು ಸಿಗದ ಮುಖಗಳಿಗೆ ‘ಯಾರೆಂದು ಕೇಳಬೇಕು’ ಎಂದು ಟ್ಯಾಗ್ ಕೊಡಿ. ನೆಂಟರು ಸೇರಿದಾಗ ಆ ಒಂದು ಟ್ಯಾಗ್ ತೆರೆದರೆ ಸಾಕು, ಕೇಳಬೇಕಾದ್ದೆಲ್ಲ ಒಂದೇ ಕಡೆ ಇರುತ್ತದೆ.

ಹುಡುಕುವುದು, ಹಂಚುವುದು

ಹುಡುಕುವುದು ಈಗ ಸಲೀಸು. ಡಿಜಿಕ್ಯಾಮ್‌ನ ಹುಡುಕಾಟದಲ್ಲಿ ಒಬ್ಬರ ಹೆಸರು, ಒಂದು ಸಂದರ್ಭ, ಒಂದು ವರ್ಷ ಕೂಡಿಸಿ ಕೇಳಬಹುದು. ಯಾವ ಟ್ಯಾಗೂ ಇಲ್ಲದ ಫೋಟೋಗಳನ್ನು ಮಾತ್ರ ಸೋಸಿಯೂ ನೋಡಬಹುದು, ಬಾಕಿ ಕೆಲಸ ಎಷ್ಟಿದೆ ಎಂದು ಅದರಿಂದಲೇ ತಿಳಿಯುತ್ತದೆ. ಟ್ಯಾಗ್ ಬರೆದ ಫೈಲ್ ಬದಲಾದ ಫೈಲ್ ಆದ್ದರಿಂದ ಬ್ಯಾಕಪ್ ಡಿಸ್ಕ್‌ಗೆ ಅದನ್ನು ಮತ್ತೆ ನಕಲು ಮಾಡಬೇಕು. ಹಳೆಯ ನಕಲಿನಲ್ಲಿ ನಿಮ್ಮ ಟ್ಯಾಗ್ ಇರುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೋ ಎಂದು ಕಳಿಸಿದರೆ ಈ ಮಾಹಿತಿ ಕಳೆದುಹೋಗುತ್ತದೆ. ಮನೆಯವರಿಗೆ ಟ್ಯಾಗ್ ಸಮೇತ ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಅಪರಿಚಿತರೂ ನೋಡುವಂಥ ಕಡೆ ಹಾಕುವಾಗ ಇದಕ್ಕೆ ತದ್ವಿರುದ್ಧ: ಮಕ್ಕಳ ಹೆಸರು, ಮನೆಯ ಜಿಪಿಎಸ್ ಜಾಗ ಫೋಟೋ ಜೊತೆ ಹೊರಗೆ ಹೋಗಬಾರದು. ವಿಂಡೋಸ್‌ನಲ್ಲಿ ಅದೇ ಡೀಟೇಲ್ಸ್ ಪುಟದ ಕೆಳತುದಿಯಲ್ಲಿ ವೈಯಕ್ತಿಕ ಮಾಹಿತಿ ತೆಗೆಯುವ ಲಿಂಕ್ ಇದೆ. ಅದನ್ನು ಒತ್ತಿದಾಗ ಎರಡು ಆಯ್ಕೆ ಬರುತ್ತವೆ. ಮಾಹಿತಿ ತೆಗೆದ ಬೇರೆ ನಕಲು ಮಾಡಿಕೊಡುವ ಆಯ್ಕೆಯನ್ನೇ ಆರಿಸಿ, ಮೂಲ ಫೈಲ್‌ನಲ್ಲಿ ಬರೆದಿದ್ದೆಲ್ಲ ಹಾಗೇ ಉಳಿಯುತ್ತದೆ.