ಅಜ್ಜಿಯ ಅಡಕತ್ತರಿ ಎಷ್ಟು ಹಳೆಯದು, ಎಷ್ಟು ಬೆಲೆ ಬಾಳುತ್ತದೆ?

ಮನೆಯಲ್ಲಿ ಎಲೆ ಅಡಿಕೆ ಹಾಕುವವರು ಕಮ್ಮಿಯಾದ ಮೇಲೆ ಅಡಕತ್ತರಿ ಅಟ್ಟ ಸೇರಿತು. ಈಗ ಅಂಥದ್ದೇ ‘ಆಂಟಿಕ್’ ಹೆಸರಲ್ಲಿ ಆನ್‌ಲೈನ್‌ನಲ್ಲಿ ಮಾರಾಟಕ್ಕಿದೆ. ಬೆಲೆ ಮಾತ್ರ ಬಾಯಿಗೆ ಬಂದಷ್ಟು. ನಿಮ್ಮ ಮನೆಯದ್ದನ್ನು ಅಟ್ಟದಿಂದ ಇಳಿಸಿದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು. ಹಳೆಯ ವಸ್ತು ಕೊಳ್ಳುವವರು ವರ್ಷಗಟ್ಟಲೆ ಕೂತ ಆ ಕಂದು ಬಣ್ಣಕ್ಕೇ ದುಡ್ಡು ಕೊಡುವುದು.

1. ಅಡಕತ್ತರಿಯೇ ಹೌದಾ?
ಮಾಮೂಲಿ ಕತ್ತರಿಗೆ ಕೀಲು ನಡುವೆ, ಅಡಕತ್ತರಿಗೆ ತುದಿಯಲ್ಲಿ. ಅಡಿಕೆ ಕೀಲಿನ ಪಕ್ಕದಲ್ಲೇ ಕೂರುವುದರಿಂದ ಕೈ ಒತ್ತಿದ ಬಲ ಹಲವು ಪಟ್ಟಾಗಿ ಬೀಳುತ್ತದೆ. ಗೋಟಡಿಕೆಯೂ ಹೋಳಾಗುವುದು ಹಾಗೆ. ಅಲಗು ಮೇಲಿನ ತೋಳಿಗೆ ಮಾತ್ರ. ಎರಡೂ ದವಡೆ ಇಕ್ಕಳದಂತೆ ಬಾಗಿ, ಎರಡಕ್ಕೂ ಅಂಚಿದ್ದರೆ ಅದು ಇಂಗ್ಲೆಂಡಿನ ಸಕ್ಕರೆ ಇಕ್ಕಳ ಇರಬಹುದು. ಅಲ್ಲಿ ಸಕ್ಕರೆ ಗಟ್ಟಿ ಗೋಪುರದಂತೆ ಬರುತ್ತಿದ್ದ ಕಾಲದಲ್ಲಿ ಅದರಿಂದ ಚೂರು ಮಾಡುತ್ತಿದ್ದರು.

2. ಅಯಸ್ಕಾಂತ ಹಿಡಿಯಿರಿ
ಹಿತ್ತಾಳೆ ಮೈಗೆ ಅಂಟಬಾರದು, ಉಕ್ಕಿನ ಅಲಗಿಗೆ ಅಂಟಬೇಕು. ಹಳದಿ ಮೈಗೂ ಗಟ್ಟಿಯಾಗಿ ಅಂಟಿತು ಅಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಪೂರ್ತಿ ಕಬ್ಬಿಣದ ಹಳೆಯ ಅಡಕತ್ತರಿಗಳೂ ಇವೆ, ಹಾಗಾಗಿ ಅಂಟಿದ್ದೆಲ್ಲ ಖೋಟಾ ಅಲ್ಲ.

3. ಸವೆತ ಎಲ್ಲಿದೆ?
ಇಲ್ಲಿ ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ. ಬಣ್ಣವನ್ನು ಆಸಿಡ್ ಹಾಕಿ ಒಂದು ದಿನದಲ್ಲಿ ಬರಿಸಬಹುದು. ಸವೆತವನ್ನು ಸರಿಯಾದ ಜಾಗದಲ್ಲಿ ಬರಿಸುವುದು ಕಷ್ಟ. ಬೆಳಕಿಗೆ ಹಿಡಿದು ಅಲಗು ನೋಡಿ. ಮತ್ತೆ ಮತ್ತೆ ಸಾಣೆ ಹಿಡಿದ ಅಲಗು ಅಡಿಕೆ ಕೂರುವ ಕಡೆ ಒಳಕ್ಕೆ ತಗ್ಗಿರುತ್ತದೆ, ತುದಿಯ ಕಡೆ ಅಗಲ ಉಳಿದಿರುತ್ತದೆ. ಅದರ ನೇರಕ್ಕೆ ಕೆಳಗಿನ ತೋಳಿನಲ್ಲಿ ಅಲಗಿನ ಗೀರುಗಳಿರುತ್ತವೆ. ಹೆಬ್ಬೆರಳು ತಾಗುವಲ್ಲಿ ಕೆತ್ತನೆ ಮಾಸಿ ನುಣುಪಾಗಿರುತ್ತದೆ, ಸಂದುಗಳಲ್ಲಿ ಮಾತ್ರ ಚೂಪಾಗಿರುತ್ತದೆ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅನುಮಾನ ಪಡಿ.

ಕೀಲಿನಲ್ಲಿ ಬಡಿದು ಕೂರಿಸಿದ ರಿವಿಟ್ ಇದೆಯಾ, ಪ್ಲಸ್ ಗುರುತಿನ ಸ್ಕ್ರೂ ಇದೆಯಾ? ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಯಾರೋ ರಿಪೇರಿ ಮಾಡಿಸಿದ್ದೂ ಇರಬಹುದು ಅನ್ನಿ.

4. ಜೊತೆಗಿಟ್ಟು ಹೋಲಿಸಿ
ಗಿಳಿ, ನವಿಲು, ಕುದುರೆ, ಗಂಡು-ಹೆಣ್ಣಿನ ಜೋಡಿ, ಹೀಗೆ ಆಕಾರ ನೂರೆಂಟು. ಬರೀ ಆಕಾರ ನೋಡಿ ಊರು, ಇಸವಿ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಪುಣೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂಗೆ ಹೋದರೆ ಸಾಲಾಗಿ ನೋಡಲು ಸಿಗುತ್ತವೆ. ಅಮೆರಿಕದ ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಕೂಡ ಇವನ್ನು ಹುಡುಕಿ ಹುಡುಕಿ ಕೂಡಿಹಾಕಿದ್ದರು. ಅಂತರ್ಜಾಲದಲ್ಲಿ ಹುಡುಕುವಾಗ ಹಿಂದಿಯ ‘ಸರೋತಾ’, ಇಂಗ್ಲಿಷಿನ ‘ಬೀಟಲ್ ನಟ್ ಕಟರ್’ ಅಂತಲೂ ಹಾಕಿ ನೋಡಿ.

5. ಬೆಲೆ ಕಟ್ಟುವುದು
ಗುಜರಿಯವರು ತೂಕಕ್ಕೆ ಕೊಡುವ ಹಣ ಕನಿಷ್ಠ ಮಟ್ಟ. ಅದರ ಮೇಲಿನದ್ದು ಕೆತ್ತನೆ, ಸ್ಥಿತಿ, ಅಪರೂಪಕ್ಕೆ ಸೇರಿದ್ದು. ಮಾರುವವರು ಕೇಳುವ ರೇಟು ಬಿಡಿ, ಹರಾಜಿನಲ್ಲಿ ಮಾರಾಟವಾದ ಬೆಲೆ ನೋಡಿ. ಅಲಗು ಬದಲಾಗಿದ್ದರೆ, ಬೆಸುಗೆ ಹಾಕಿದ್ದರೆ ಬೆಲೆ ಇಳಿಯುತ್ತದೆ. ಯಾರದ್ದು, ಯಾವ ಊರಿನದ್ದು ಅಂತ ಹಿರಿಯರನ್ನು ಕೇಳಿ ಬರೆದಿಡಿ. ಅಜ್ಜಿ ಅದನ್ನು ಹಿಡಿದು ಕೂತ ಹಳೆಯ ಫೋಟೊ ಸಿಕ್ಕಿದರಂತೂ ಒಳ್ಳೆಯದೇ. ತೆರೆದದ್ದು, ಮುಚ್ಚಿದ್ದು, ಕೀಲಿನ ಹತ್ತಿರದ್ದು, ಹೀಗೆ ಮೂರು ಫೋಟೊ ಸ್ಕೇಲ್ ಪಕ್ಕದಲ್ಲಿಟ್ಟು ತೆಗೆಯಿರಿ.

6. ವಿದೇಶಕ್ಕೆ ಕಳಿಸುವ ಮುಂಚೆ
1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತುವೂ ಪುರಾವಸ್ತು ಅನಿಸಿಕೊಳ್ಳಬಹುದು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಸುಮ್ನೆ ನೆನಪಿಗೆ ಕೊಡುವುದಾದರೂ ಅಷ್ಟೇ. ಅಷ್ಟು ಹಳೆಯದಲ್ಲ ಅನಿಸಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ ಅರ್ಜಿ ಹಾಕಿ, ‘ಪುರಾವಸ್ತು ಅಲ್ಲ’ ಎಂಬ ಪ್ರಮಾಣಪತ್ರ ಪಡೆದು ಸೂಟ್‌ಕೇಸಿಗೆ ಹಾಕಿ. ವಿಮಾನ ಹತ್ತುವಾಗ ಕೈಚೀಲದಲ್ಲಿ ಮಾತ್ರ ಬೇಡ, ಅಲಗು ಇದೆ ಅಲ್ವಾ.