ಪುಟ್ಟ ಗಾಡಿಯ ವಯಸ್ಸು ಕಂಡುಹಿಡಿಯುವುದು ಹೇಗೆ

ಕಳೆದ ತಿಂಗಳು ಕೆಳಗಿನ ಮನೆಯ ಹುಡುಗ ಮೆಟ್ಟಿಲು ಹತ್ತಿ ಓಡಿ ಬಂದ. "ಅಂಕಲ್, 1982ರ ಹಾಟ್ ವೀಲ್ಸ್ ಸಿಕ್ತು, ಒಂಬೈನೂರಕ್ಕೆ ಕೊಟ್ರು!" ಹಾಟ್ ವೀಲ್ಸ್ ಅಂದರೆ ಲೋಹದ ಪುಟ್ಟ ಆಟಿಕೆ ಕಾರು. ಅದನ್ನು ಮಗುಚಿ ತಳ ತೋರಿಸಿದ. ಉಬ್ಬಕ್ಷರದಲ್ಲಿ 1982 ಅಂತ ಇದ್ದದ್ದು ನಿಜ. ಆದರೆ ಅದರಿಂದ ಒಂದು ಬೆರಳು ಆಚೆಗೆ, ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ, 'ಪಿ 14' ಅಂತಲೂ ಒತ್ತಿತ್ತು. ಅಂದರೆ ಆ ಗಾಡಿ ತಯಾರಾದದ್ದು 2021ರ 14ನೇ ವಾರದಲ್ಲಿ, ಆ ಲೆಕ್ಕವನ್ನು ಮುಂದೆ ಹೇಳುತ್ತೇನೆ. ಹುಡುಗನ ಮುಖ ನೋಡಿ ನನಗೆ ಸಂಕಟವಾಯಿತು. ಅವನಂತೆ ಇನ್ನೊಬ್ಬರು ದುಡ್ಡು ಕಳೆದುಕೊಳ್ಳಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ತಳದಲ್ಲಿ ಹಕ್ಕುಸ್ವಾಮ್ಯದ ಗುರುತಿನ ಜೊತೆ ಇರುವ ಇಸವಿ ಆ ವಿನ್ಯಾಸ ಹುಟ್ಟಿದ ಇಸವಿ. ಕೈಯಲ್ಲಿರುವ ಗಾಡಿ ಹುಟ್ಟಿದ ಇಸವಿ ಅದಲ್ಲ. ಒಂದು ಒಳ್ಳೆಯ ಡೈ, ಅಂದರೆ ಗಾಡಿಯ ಎರಕ ಹೊಯ್ಯುವ ಉಕ್ಕಿನ ಅಚ್ಚು, ಇಪ್ಪತ್ತು, ಮೂವತ್ತು ವರ್ಷ ದುಡಿಯುತ್ತದೆ. ಅಷ್ಟೂ ವರ್ಷ ಅದರಿಂದ ಬಿದ್ದ ಪ್ರತಿಯೊಂದು ತಳದ ಮೇಲೂ ಅದೇ ಇಸವಿ ಮೂಡುತ್ತಲೇ ಇರುತ್ತದೆ.

ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ, ಅಂದರೆ ಡೈಗಳನ್ನು ಮಾಡುವ, ತಿದ್ದುವ ವಿಭಾಗದಲ್ಲಿ, 31 ವರ್ಷ ಡೈ ಫಿಟ್ಟರ್ ಆಗಿದ್ದವನು. ಬೇರೆಯವರು ಪುಟ್ಟ ಕಾರನ್ನು ನೋಡಿದರೆ ಬಣ್ಣ ಕಾಣುತ್ತದೆ, ನನಗೆ ಮೊದಲು ಡೈ ಕಾಣುತ್ತದೆ. ಹಾಗಾಗಿ ನನ್ನ ಕ್ರಮವೂ ಅಲ್ಲಿಂದಲೇ ಶುರು. ಬೇಕಾದ ಸಾಮಾನು ಹೆಚ್ಚೇನಿಲ್ಲ: ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ, ಉದ್ದ ಅಳೆಯಲು ಒಂದು ವರ್ನಿಯರ್, ಪುಟ್ಟ ಟಾರ್ಚ್, ಒಂದು ನೋಟ್ ಬುಕ್.

ಮೊದಲ ನಿಯಮ ಇದು. ಗಾಡಿಯಲ್ಲಿರುವ ಭಾಗಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಗಾಡಿ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಬಾಡಿ 1957ರ ಡೈಯದು, ಚಕ್ರ 1958ರ ನಂತರ ಬಂದ ಬಗೆಯದು ಅಂದರೆ, ಆ ಗಾಡಿ ಜೋಡಣೆಯಾದದ್ದು 1958ರ ನಂತರವೇ. ಆದ್ದರಿಂದ ಬಾಡಿ, ತಳ, ಆಕ್ಸಲ್, ಚಕ್ರ, ಗಾಜು, ಸ್ಟಿಕರ್ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿ, ಬೇರೆ ಬೇರೆಯಾಗಿಯೇ ಬರೆದಿಡಿ. ಒಟ್ಟಾಗಿ ನೋಡಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಇನ್ನು ಡೈ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಒಂದೇ ಮಾಡೆಲಿನ ಎರಡು ಬಗೆಯಲ್ಲಿ ಹಿಂದಿನದು ಯಾವುದು, ಮುಂದಿನದು ಯಾವುದು ಎಂದು ಪುಸ್ತಕವಿಲ್ಲದೆ ಹೇಳುವ ದಾರಿ ಇದೊಂದೇ. ಡೈ ಅಂದರೆ ಉಕ್ಕಿನಲ್ಲಿ ಕೊರೆದ ಗುಳಿ. ಕರಗಿದ ಸತುವಿನ ಮಿಶ್ರಲೋಹ, ಸತುವಿನ ಜೊತೆ ಸುಮಾರು ನೂರಕ್ಕೆ 4 ಭಾಗ ಅಲ್ಯೂಮಿನಿಯಂ ಇರುವಂಥದ್ದು, ಒತ್ತಡದಲ್ಲಿ ಆ ಗುಳಿಗೆ ನುಗ್ಗಿ ಗಟ್ಟಿಯಾಗುತ್ತದೆ. ಡೈಯಲ್ಲಿ ಎಲ್ಲಿ ತಗ್ಗಿದೆಯೋ ಗಾಡಿಯಲ್ಲಿ ಅಲ್ಲಿ ಉಬ್ಬು. ಉಕ್ಕನ್ನು ಇನ್ನಷ್ಟು ಕೊರೆಯುವುದು ಸುಲಭ, ಅರ್ಧ ದಿನದ ಕೆಲಸ. ಕೊರೆದದ್ದನ್ನು ಮತ್ತೆ ತುಂಬುವುದು ಮಾತ್ರ ತಲೆನೋವು: ವೆಲ್ಡ್ ಮಾಡಬೇಕು, ಮತ್ತೆ ಉಜ್ಜಿ ಪಾಲಿಶ್ ಮಾಡಬೇಕು, ಇಲ್ಲವೇ ಆ ಜಾಗದಲ್ಲಿ ಉಕ್ಕಿನ ಹೊಸ ತುಂಡು ಕೂರಿಸಬೇಕು. ಹಾಗಾಗಿ ಕಾರ್ಖಾನೆಯವರು ಡೈ ತಿದ್ದುವಾಗ ಸಾಮಾನ್ಯವಾಗಿ ಗಾಡಿಗೆ ಲೋಹ ಸೇರುತ್ತದೆ, ಕಡಿಮೆಯಾಗುವುದಿಲ್ಲ. ಗಾಜಿನ ಪಕ್ಕದಲ್ಲಿ ತೆಳ್ಳಗಿದ್ದ ಲೋಹದ ಕಂಬ ದಪ್ಪವಾಗುತ್ತದೆ. ಬಾಡಿಯ ಒಳಗೆ ಹೊಸದೊಂದು ಪಕ್ಕೆಲುಬು ಬರುತ್ತದೆ. ತಳದಲ್ಲಿ ಖಾಲಿಯಿದ್ದ ಜಾಗಕ್ಕೆ ಅಕ್ಷರ ಬರುತ್ತದೆ. ಎರಡು ಗಾಡಿ ಪಕ್ಕದಲ್ಲಿಟ್ಟುಕೊಂಡು ನೋಡಿ, ಲೋಹ ಹೆಚ್ಚಿರುವುದು ಹೆಚ್ಚಿನ ಸಲ ಈಚಿನದು.

ಅಕ್ಷರ ಅಳಿಸಲೇಬೇಕಾಗಿ ಬಂದರೆ? ಆಗ ಟೂಲ್ ರೂಮಿನವನು ಅಕ್ಷರದ ಸಾಲಿನ ಸುತ್ತ ಇನ್ನೂ ಆಳವಾಗಿ ಒಂದು ಚೌಕ ಕೊರೆದುಬಿಡುತ್ತಾನೆ. ಗಾಡಿಯ ತಳದಲ್ಲಿ ಅದು ಏನೂ ಬರೆಯದ ಉಬ್ಬು ಪಟ್ಟಿಯಾಗಿ ಬರುತ್ತದೆ. ಅಂಥ ಬೋಳು ಪಟ್ಟಿ ಕಂಡರೆ ಅಲ್ಲಿ ಹಿಂದೆ ಏನೋ ಬರೆದಿತ್ತು ಎಂದು ತಿಳಿಯಿರಿ. ಟಾರ್ಚನ್ನು ತಳಕ್ಕೆ ಸಮನಾಗಿ ಪಕ್ಕದಿಂದ ಹಿಡಿದರೆ ಕೆಲವೊಮ್ಮೆ ಹಳೆಯ ಅಕ್ಷರದ ನೆರಳೂ ಕಾಣುತ್ತದೆ. ಇನ್ನೊಂದು ಮಾತು. ಒಳಗಡೆ ಒಂಟಿಯಾಗಿ ಒಂದೇ ಅಂಕಿಯಿದ್ದರೆ ಅದನ್ನು ಇಸವಿಗೆ ಜೋಡಿಸಲು ಹೋಗಬೇಡಿ. ಒಂದು ಡೈಯಲ್ಲಿ ನಾಲ್ಕಾರು ಗುಳಿಗಳಿದ್ದರೆ ಒಂದೊಂದಕ್ಕೂ ನಂಬರ್ ಹಾಕುತ್ತಾರೆ, ಅದು ಆ ಲೆಕ್ಕದ್ದು. ಸಣ್ಣ ಗುಂಡು ಗುರುತುಗಳು ಎಜೆಕ್ಟರ್ ಪಿನ್ನಿನವು, ಅಂದರೆ ಗಟ್ಟಿಯಾದ ಎರಕವನ್ನು ಡೈಯಿಂದ ಹೊರಕ್ಕೆ ತಳ್ಳುವ ಕಡ್ಡಿಯವು.

ನಾನು ಹೆಚ್ಚು ಪ್ರೀತಿಯಿಂದ ಕೂಡಿಸಿದ್ದು ಲಂಡನ್ನಿನ ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್ ಗಾಡಿಗಳನ್ನು. 1947ರಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬ ಇಬ್ಬರು ಸೇರಿ ಶುರುಮಾಡಿದ ಕಂಪನಿ ಅದು. ಇಬ್ಬರ ಹೆಸರಿನ ತುಂಡು ಸೇರಿಯೇ ಲೆಸ್ನಿ ಆಯಿತು. ಆಮೇಲೆ ಜೊತೆಯಾದ ಜಾಕ್ ಓಡೆಲ್ ಡೈ ಬಲ್ಲ ಮನುಷ್ಯ, ನನ್ನ ಕಸುಬಿನವನು. ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಚಿಕ್ಕ ಆಟಿಕೆಯನ್ನು ಮಾತ್ರ ಆತನ ಮಗಳು ಶಾಲೆಗೆ ಒಯ್ಯಬಹುದಿತ್ತಂತೆ, ಅವಳಿಗಾಗಿ ಆತ ಮಾಡಿಕೊಟ್ಟ ಪುಟ್ಟ ರೋಡ್ ರೋಲರಿನಿಂದ ಈ ಸರಣಿ ಹುಟ್ಟಿತು. ಮಾರಾಟಕ್ಕೆ ಬಂದದ್ದು 1953ರಲ್ಲಿ.

ಈ ಗಾಡಿಗಳ ಗಡಿಯಾರ ಇರುವುದು ಚಕ್ರದಲ್ಲಿ. ಮೊದಲ ವರ್ಷಗಳಲ್ಲಿ ಚಕ್ರವೂ ಲೋಹದ್ದೇ. 1957-58ರ ಹೊತ್ತಿಗೆ ಬೂದು ಬಣ್ಣದ ಪ್ಲಾಸ್ಟಿಕ್ ಚಕ್ರ ಬಂತು, ಕೆಲವೇ ಗಾಡಿಗಳಿಗೆ ಬೆಳ್ಳಿ ಬಣ್ಣದ್ದು, 1960ರ ದಶಕದ ಮೊದಲ ವರ್ಷಗಳಿಂದ ಕಪ್ಪು. ಆಕ್ಸಲಿನ ತುದಿಯನ್ನೂ ನೋಡಿ. ಹಳೆಯದರಲ್ಲಿ ತುದಿಯನ್ನು ಇಕ್ಕಳದಲ್ಲಿ ಅಮುಕಿದ ಹಾಗೆ ಚಪ್ಪಟೆ ಮಾಡಿರುತ್ತಾರೆ, ಆಮೇಲಿನದರಲ್ಲಿ ಗುಂಡು ತಲೆ. ಬೂದು ಚಕ್ರದ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ಎಣಿಸಬೇಕು: ಒಂದರಲ್ಲಿ ಒರಟಾದ 24, ಇನ್ನೊಂದರಲ್ಲಿ ನವಿರಾದ 45 ಇರಬಹುದು. ಸಂಗ್ರಹಕಾರರು ಅವನ್ನು ಬೇರೆ ಬೇರೆ ಬಗೆ ಎಂದೇ ಲೆಕ್ಕ ಇಡುತ್ತಾರೆ. ಎಣಿಸುವಾಗ ಮೊದಲ ಹಲ್ಲಿಗೆ ಸೀಮೆಸುಣ್ಣದ ಚುಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮೂರು ಸಲ ಎಣಿಸಿದರೆ ಮೂರು ಲೆಕ್ಕ ಬರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿ, ಹಳೆಯ ಬೀಗ, ಸ್ಪ್ಯಾನರ್‌ಗಳ ರಾಶಿಯ ನಡುವೆ ಒಂದು ಕೆಂಪು ಡಬಲ್ ಡೆಕರ್ ಬಸ್ ಸಿಕ್ಕಿತು. ತಳದಲ್ಲಿ ಲೆಸ್ನಿ, ನಂಬರ್ 5. ಮ್ಯಾಚ್‌ಬಾಕ್ಸ್ ಸರಣಿಯ ಐದನೇ ನಂಬರಿನ ಲಂಡನ್ ಬಸ್ಸನ್ನು ಲೆಸ್ನಿ ನಾಲ್ಕು ಸಲ ಹೊಸ ಡೈಯಲ್ಲಿ ಮಾಡಿತು: 1954, 1957, 1961, 1965. ಪ್ರತಿ ಸಲವೂ ಬಸ್ ಸ್ವಲ್ಪ ಬೆಳೆಯಿತು. ಉದ್ದ ಸುಮಾರು 51, 57, 65, 70 ಮಿಲಿಮೀಟರ್. ವರ್ನಿಯರ್ ಹಿಡಿದೆ, 57ರ ಹತ್ತಿರ ಬಂತು. ಅಲ್ಲಿಗೆ ಎರಡನೇ ಡೈ ಎಂದಾಯಿತು, 1957ಕ್ಕಿಂತ ಹಿಂದೆ ಹೋಗುವಂತಿಲ್ಲ, 1961ರಲ್ಲಿ ಮುಂದಿನ ಡೈ ಬಂದದ್ದರಿಂದ ಅದಕ್ಕಿಂತ ತುಂಬಾ ಮುಂದಕ್ಕೂ ಹೋಗುವಂತಿಲ್ಲ. ಪಕ್ಕದಲ್ಲಿ ಉಳಿದಿದ್ದ ಅಕ್ಷರ 'ಬೈ ಮ್ಯಾಚ್‌ಬಾಕ್ಸ್ ಸೀರೀಸ್'. ಅದರಿಂದ ಉಪಯೋಗವಾಗಲಿಲ್ಲ, ಮೊದಲ ಡೈಯ ಬಸ್ಸಿನ ಮೇಲೂ ಅದೇ ಜಾಹೀರಾತು ಇತ್ತು. 'ಪ್ಲೇಯರ್ಸ್ ಪ್ಲೀಸ್' ಅಂತಲೋ 'ವಿಸ್ಕೋ ಸ್ಟ್ಯಾಟಿಕ್' ಅಂತಲೋ ಬೇರೆ ಜಾಹೀರಾತು ಇದ್ದಿದ್ದರೆ ಮಾತು ಬೇರೆ. ಆಮೇಲೆ ಚಕ್ರ ನೋಡಿದೆ. ಮಣ್ಣು ಮೆತ್ತಿ ಲೋಹದ ಹಾಗೆ ಕಾಣುತ್ತಿತ್ತು, ಉಗುರಿನಿಂದ ತಟ್ಟಿದರೆ ಸದ್ದಿಲ್ಲ. ಬೂದು ಪ್ಲಾಸ್ಟಿಕ್. ಆಕ್ಸಲ್ ಗುಂಡು ತಲೆಯದು. ಹೀಗೆ 1958ರಿಂದ 1961 ಎಂದು ಬರೆದುಕೊಂಡೆ. ಒಂದೇ ಇಸವಿ ಹೇಳಿ ಎಂದು ಕೇಳುವವರಿದ್ದಾರೆ. ನಾನು ಹೇಳುವುದಿಲ್ಲ, ಗಾಡಿ ಹೇಳಿದಷ್ಟೇ ಹೇಳುತ್ತೇನೆ.

ಚಕ್ರ ಬದಲಾದ ಎರಡನೇ ದೊಡ್ಡ ಘಟ್ಟ 1969. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್ ಬಂದು, ತೆಳ್ಳನೆಯ ಆಕ್ಸಲಿನ ಮೇಲೆ ಗಾಳಿಯಂತೆ ಓಡುವ ಗಾಡಿಗಳ ಮುಂದೆ ಮ್ಯಾಚ್‌ಬಾಕ್ಸ್ ಮಂಕಾಯಿತು. ಲೆಸ್ನಿ ತರಾತುರಿಯಲ್ಲಿ ಸೂಪರ್‌ಫಾಸ್ಟ್ ಚಕ್ರ ತಂದಿತು. ಇದ್ದ ಬಾಡಿ ಡೈಗಳನ್ನೇ ತಿದ್ದಿ ಹೊಸ ಆಕ್ಸಲ್ ಕೂರಿಸಿದ್ದರಿಂದ, ಒಂದೇ ಕಾರು ದಪ್ಪ ಆಕ್ಸಲಿನಲ್ಲೂ ಸಣ್ಣ ತಂತಿಯ ಆಕ್ಸಲಿನಲ್ಲೂ ಸಿಗುತ್ತದೆ. ಸೂಪರ್‌ಫಾಸ್ಟ್‌ನಲ್ಲಿಯೂ ಮೊದಲು ಸಣಕಲು ಚಕ್ರ, ಆಮೇಲೆ ಅಗಲದ್ದು. ನನಗೆ ಈ ಬದಲಾವಣೆಯ ಕಾಲದ ಗಾಡಿಗಳೇ ಎಲ್ಲಕ್ಕಿಂತ ಇಷ್ಟ. ಗಡಿಬಿಡಿಯಲ್ಲಿದ್ದ ಒಂದು ಟೂಲ್ ರೂಮಿನ ಬೆವರು ಅವುಗಳಲ್ಲಿ ಕಾಣುತ್ತದೆ.

ಬಣ್ಣವನ್ನು ಕೊನೆಗೆ ನೋಡಿ. ಅಪರೂಪದ ಬಣ್ಣ ಅಂದ ಕೂಡಲೇ ಬೆಲೆ ಏರುತ್ತದೆ, ಅದಕ್ಕೇ ಮೋಸವೂ ಅಲ್ಲೇ ಹೆಚ್ಚು. ಮ್ಯಾಚ್‌ಬಾಕ್ಸ್ 8ನೇ ನಂಬರಿನ ಫೋರ್ಡ್ ಮಸ್ಟಾಂಗ್, 1966ರದು, ಹಳೆಯ ಚಕ್ರದಲ್ಲಿ ಬಿಳಿ ಬಣ್ಣದ್ದು ಬೇಕಾದಷ್ಟು ಸಿಗುತ್ತದೆ, ಕಿತ್ತಳೆ ಬಣ್ಣದ್ದು ದುರ್ಲಭ. ಅಂಥ ಕಿತ್ತಳೆಯೊಂದನ್ನು ದೂರದ ಮಾರಾಟಗಾರರೊಬ್ಬರಿಂದ ಅಂಚೆಯಲ್ಲಿ ತರಿಸಿದೆ. ಎರಡು ತಿಂಗಳ ಪಿಂಚಣಿಯಲ್ಲಿ ಉಳಿಸಿದ ದುಡ್ಡು. ಡಬ್ಬಿ ತೆರೆದು ಮಡ್‌ಗಾರ್ಡಿನ ಒಳಮೂಲೆಗೆ ಟಾರ್ಚ್ ಬಿಟ್ಟರೆ ಅಕ್ಕಿಕಾಳಿನಷ್ಟು ಬಿಳಿ. ಆಕ್ಸಲಿನ ತಲೆಯ ಮೇಲೂ ಕಿತ್ತಳೆಯ ತೆಳುಪದರ. ಕಾರ್ಖಾನೆಯಲ್ಲಿ ಬಾಡಿಗೆ ಬಣ್ಣ ಹೊಡೆದ ಮೇಲೆ ಚಕ್ರ ಜೋಡಿಸುತ್ತಿದ್ದರು, ಆಕ್ಸಲಿನ ಮೇಲೆ ಬಾಡಿಯ ಬಣ್ಣ ಬರಲು ದಾರಿಯೇ ಇಲ್ಲ. ಬಾಗಿಲಿನ ಸಂದು, ಮಡ್‌ಗಾರ್ಡಿನ ಒಳಗು, ರಿವೆಟ್ಟಿನ ಬುಡ, ಈ ಮೂರು ಜಾಗವನ್ನು ದುಡ್ಡು ಕೊಡುವ ಮುಂಚೆ ನೋಡಿ, ಇಲ್ಲವೇ ಆ ಜಾಗಗಳ ಫೋಟೊ ಕೇಳಿ ತರಿಸಿಕೊಳ್ಳಿ.

ರಿವೆಟ್ ಎಂದೆ. ಬಾಡಿಯಿಂದ ಇಳಿದ ಕಂಬದ ತುದಿಯನ್ನು ತಳದ ತೂತಿನಲ್ಲಿ ತೂರಿಸಿ ಅರಳಿಸಿರುತ್ತಾರೆ. ಅಸಲಿಯಾದರೆ ಆ ತಲೆ ನುಣ್ಣಗೆ, ಗುಂಡಗೆ ಇರುತ್ತದೆ. ನಡುವೆ ಡ್ರಿಲ್ಲಿನ ತೂತು, ಅಂಟು, ಸ್ಕ್ರೂ ಕಂಡರೆ ಯಾರೋ ಬಿಚ್ಚಿದ್ದಾರೆ, ಒಳಗಿನ ಚಕ್ರ, ಗಾಜು ಯಾವುದನ್ನೂ ನಂಬುವಂತಿಲ್ಲ. ಇಡೀ ಬಾಡಿಯನ್ನೇ ರಬ್ಬರ್ ಅಚ್ಚಿನಲ್ಲಿ ನಕಲು ಹೊಯ್ದವರೂ ಇದ್ದಾರೆ. ಲೋಹ ತಣಿಯುವಾಗ ಕುಗ್ಗುವುದರಿಂದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಕಿರಿದಾಗಿರುತ್ತದೆ, ಅಕ್ಷರದ ಅಂಚು ಸವೆದ ಸಾಬೂನಿನ ಹಾಗಿರುತ್ತದೆ. ವರ್ನಿಯರ್ ಇಟ್ಟುಕೊಳ್ಳಿ ಎಂದದ್ದು ಇದಕ್ಕೂ ಸೇರಿಯೇ.

1982ರಲ್ಲಿ ಲೆಸ್ನಿ ದಿವಾಳಿಯಾಯಿತು. ಹಾಂಗ್‌ಕಾಂಗಿನ ಯೂನಿವರ್ಸಲ್ ಕಂಪನಿ ಕೊಂಡಿತು, ಕೆಲಸ ಮಕಾವು, ಚೀನಾ, ಥಾಯ್ಲೆಂಡ್ ಕಡೆಗೆ ಸರಿಯಿತು. 1992ರಲ್ಲಿ ಟೈಕೋ, 1997ರಲ್ಲಿ ಮ್ಯಾಟೆಲ್ ಕೈಗೆ ಹೋಯಿತು. ತಳದಲ್ಲಿ 'ಲೆಸ್ನಿ, ಇಂಗ್ಲೆಂಡ್' ಇದೆಯೋ, 'ಮಕಾವು' ಇದೆಯೋ, 'ಮ್ಯಾಟೆಲ್' ಇದೆಯೋ ಎಂಬುದರಲ್ಲೇ ಕಾಲದ ಅರ್ಧ ಲೆಕ್ಕ ಮುಗಿಯುತ್ತದೆ.

ಹಾಟ್ ವೀಲ್ಸ್‌ಗೆ ದಾರಿ ಇನ್ನೂ ಸುಲಭ. ಚಕ್ರದ ಅಂಚಿನಲ್ಲಿ ಕೆಂಪು ಗೆರೆಯಿದ್ದರೆ ಸಾಮಾನ್ಯವಾಗಿ 1968ರಿಂದ 1977ರ ನಡುವಿನದು. ಈಚೆಗೆ ಆ ಗೆರೆಯನ್ನು ಹೊಸ ಗಾಡಿಗಳಿಗೂ ಹಾಕುತ್ತಾರೆ, ಆದ್ದರಿಂದ ತಳವನ್ನೂ ನೋಡಲೇಬೇಕು. 2008ರಿಂದ ಈಚಿನದಾದರೆ ಒಂದು ಅಕ್ಷರ, ಎರಡು ಅಂಕಿಯ ಕೋಡ್ ಹುಡುಕಿ. ಅಕ್ಷರ ವರ್ಷ, ಅಂಕಿ ವಾರ. 2008ಕ್ಕೆ ಎ, 2009ಕ್ಕೆ ಬಿ, ಹೀಗೇ ಎಣಿಸಿ. ಐ ಮತ್ತು ಓ ಅಕ್ಷರಗಳನ್ನು ಬಿಟ್ಟಿದ್ದಾರೆ, ಒಂದು, ಸೊನ್ನೆಯ ಹಾಗೆ ಕಾಣುತ್ತವಲ್ಲ. ಹಾಗಾಗಿ 2015ಕ್ಕೆ ಎಚ್, 2016ಕ್ಕೆ ಜೆ, 2020ಕ್ಕೆ ಎನ್, 2021ಕ್ಕೆ ಪಿ. ವರ್ಷದ ಕೊನೆಯ ವಾರಗಳಲ್ಲಿ ತಯಾರಾದದ್ದು ಮುಂದಿನ ವರ್ಷದ ಸರಣಿಯದಾಗಿರಬಹುದು, ಪೊಟ್ಟಣದ ಇಸವಿಗೂ ಕೋಡಿಗೂ ತಾಳೆಯಾಗದಿದ್ದರೆ ಗಾಬರಿ ಬೇಡ.

ನಮ್ಮ ದೇಶದ್ದೇ ಎರಡು ಬಗೆಗಳನ್ನು ಮಾತ್ರ ಕಡೆಗಣಿಸಬೇಡಿ. ತಳದಲ್ಲಿ 'ಲಿಯೋ ಇಂಡಿಯಾ' ಎಂದಿರುವ ಹಾಟ್ ವೀಲ್ಸ್ ಇಲ್ಲೇ ತಯಾರಾದವು. ಬೇರೆ ಕಡೆ ದುಡಿದ ಡೈಯಲ್ಲಿ ಬೇರೆಲ್ಲೂ ಇಲ್ಲದ ಬಣ್ಣ. ಇನ್ನೊಂದು ಕಲ್ಕತ್ತೆಯ ನಿಕಿ ಟಾಯ್ಸ್. ಲಿವರ್‌ಪೂಲಿನ ಡಿಂಕಿ ಗಾಡಿಗಳ ಹಳೆಯ ಡೈಗಳು 1960ರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದವು. ಡಿಂಕಿ ಎಂಬ ಹೆಸರನ್ನು ಅಳಿಸಿ ನಿಕಿ ಎಂದು ಕೊರೆದದ್ದನ್ನು ಪಕ್ಕದಿಂದ ಬೆಳಕು ಬಿಟ್ಟು ನೋಡುವಾಗ, ಆ ಅಳಿಸಿದ ಕೈ ಯಾರದಿರಬಹುದು ಎಂದು ನಾನು ಎಷ್ಟೋ ಹೊತ್ತು ಕೂತಿದ್ದೇನೆ.

ಪೆಟ್ಟಿಗೆಯನ್ನು ಸಾಕ್ಷಿ ಎಂದು ಹಿಡಿಯಬೇಡಿ, ಅದು ಕೈಯಿಂದ ಕೈಗೆ ಬದಲಾಗುವ ವಸ್ತು. ಕೊಳೆ ತೆಗೆಯಲು ಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ ಸಾಕು, ಸ್ಟಿಕರ್ ಇರುವ ಕಡೆ ಅದೂ ಬೇಡ. ಹಿತ್ತಾಳೆ ದೀಪ ಬೆಳಗುವ ಹಾಗೆ ಹುಣಸೆಹುಳಿ ಹಾಕಿದರಂತೂ ಸತುವನ್ನೇ ತಿಂದುಹಾಕುತ್ತದೆ.

ನೋಡಿದ್ದನ್ನು ಬೆಲೆ ವಿಚಾರಿಸುವ ಮುಂಚೆಯೇ ಬರೆದಿಡಿ. ನನ್ನ ಪುಸ್ತಕದಲ್ಲಿ ಆ ಬಸ್ಸಿನ ಸಾಲು ಹೀಗಿದೆ: "ನಂ. 5, ಉದ್ದ 57, ಬೂದು ಪ್ಲಾಸ್ಟಿಕ್ ಚಕ್ರ, ಆಕ್ಸಲ್ ಗುಂಡು, ರಿವೆಟ್ ಮುಟ್ಟಿಲ್ಲ, ಬಣ್ಣ ಅಸಲಿ, ಸ್ಟಿಕರ್ ಅರ್ಧ. 1958–61. ಹಲ್ಲು ಎಣಿಸಬೇಕು." ಹಲ್ಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೆ. ಮೊನ್ನೆ ಭಾನುವಾರ ಕೆಳಗಿನ ಮನೆಯ ಹುಡುಗ ಸೀಮೆಸುಣ್ಣ ತಂದು, ಕಿಟಕಿಯ ಬಳಿ ಕೂತು, ಎರಡು ಸಲ ಎಣಿಸಿ, ತಾನೇ 45 ಎಂದು ಬರೆದ.